ಜಾಡಿಗಳ ಹಿಂದಿನ ಐದೆಲೆ ಗಿಡಗಳು

"ಸಿಮ್ ಕಂಡೇ! ಸಿಮ್ ಕಂಡೇ! ಸಿಮ್ ಕಂಡೇ!"

ಮೂರನೆಯ ಕೂಗು ಮುಗಿಯುವಷ್ಟರಲ್ಲಿ ನೂಡಲ್ಸ್ ಅಂಗಡಿಯ ಗೊಪ್ದಾನಳ ಹಿತ್ತಿಲಲ್ಲಿದ್ದ ನಾವೆಲ್ಲ ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂತು, ತಲೆ ಬಗ್ಗಿಸಿ, ನೆಲ ನೋಡತೊಡಗಿದ್ದೆವು. ನನ್ನ ಮಡಿಲಲ್ಲಿದ್ದ ಬೆಳ್ಳುಳ್ಳಿಯೆಲ್ಲ ಚೆಲ್ಲಾಪಿಲ್ಲಿಯಾಯಿತು. ಪೊಲೀಸ್ ನಾಮ್‌ಗುಂಗ್ ಊಟದ ಮಣೆಯಿಂದ ಇಳಿದು, ಚಾಪ್‌ಸ್ಟಿಕ್‌ನಲ್ಲಿ ಎತ್ತಿದ್ದ ತಣ್ಣನೆ ನೂಡಲ್ಸನ್ನು ಬಾಯಿಗೂ ಹಾಕದೆ ಬಟ್ಟಲಿಗೂ ಬಿಡದೆ ಹಾಗೇ ಹಿಡಿದು ಕೂತಿದ್ದ.

ನಮ್ಮ ಸೊಲ್‌ಗೋಲ್ ಕಣಿವೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಿಮ್ ಎಂದರೆ ಬೆಟ್ಟದ ಜಿನ್ಸೆಂಗ್. ಅದು ಕಣ್ಣಿಗೆ ಬಿದ್ದವನು ಮೂರು ಸಲ ಕೂಗುತ್ತಾನೆ. ಅವನು ತನ್ನ ಗಿಡಗಳಿಗೆ ಗುರುತು ಮಾಡಿಕೊಂಡು 'ಏಳಿ' ಎನ್ನುವವರೆಗೆ ಉಳಿದವರು ಏಳಕೂಡದು, ಕಣ್ಣೆತ್ತಿಯೂ ನೋಡಕೂಡದು. ಅದು ಕಾಡಿನ ನಿಯಮ. ನೂಡಲ್ಸ್ ಅಂಗಡಿಯ ಹಿತ್ತಿಲಿಗೂ ಅದು ಸಲ್ಲುತ್ತದೆಯೇ ಎಂದು ಕೇಳುವ ಬುದ್ಧಿ ಆ ಹೊತ್ತಿನಲ್ಲಿ ಯಾರಿಗೂ ಬರಲಿಲ್ಲ. ಊರಿನ ಏಕೈಕ ಕೇಶಾಲಯದ ಒಡತಿ, ಕಳ್ಳರ ಪಾಲಿನ ಮಾರಿ ಎಂದು ಹೆಸರಾದ ಈ ಪ್ಯೊ ಒಕ್ಬುನ್‌ಗೂ ಬರಲಿಲ್ಲ!

"ಏಳ್ರಪ್ಪಾ, ಏಳಿ! ಬಂದು ಕಣ್ತುಂಬ ನೋಡಿ!"

ಕೂಗಿದವನು ತಾಕ್ ದೂಇಲ್. ಬೆಟ್ಟದ ಮೇಲೆ ಮರಗಳ ನೆರಳಲ್ಲಿ ಜಿನ್ಸೆಂಗ್ ಬೆಳೆಯುವ ಆಸಾಮಿ. ಈ ಬೇಸಿಗೆಯಲ್ಲಿ ಅವನ ತೋಟದಿಂದ ಒಳ್ಳೊಳ್ಳೆಯ ಬೇರುಗಳೇ ಕಾಣೆಯಾಗುತ್ತಿರುವುದೂ, ಆ ಕಳ್ಳನ ಬೆನ್ನು ಹತ್ತಿ ನಾನು ಚಪ್ಪಲಿ ಸವೆಸಿರುವುದೂ ಊರಿಗೆಲ್ಲ ಗೊತ್ತೇ ಇದೆ.

ನಾನು ಮಂಡಿ ಹಿಡಿದುಕೊಂಡು ಎದ್ದೆ. ಗೊಪ್ದಾನಳ ಸೋಯಾ ಜಾಡಿಗಳ ಸಾಲಿನ ಹಿಂದೆ, ವಸಂತದಿಂದಲೂ ತಮ್ಮಷ್ಟಕ್ಕೆ ತಾವೇ ಎದ್ದಿದ್ದ ಐದೆಲೆಯ ಗಿಡಗಳ ಒಂದು ಪುಟ್ಟ ಪೊದೆ. ಯಾರೂ ಬಿತ್ತಿದ್ದಲ್ಲ, ಯಾರೂ ಹೆಸರಿಟ್ಟದ್ದೂ ಅಲ್ಲ. ಆ ಹಸಿರಿನ ನಡುವೆ ಈಗ ಒಂದು ಗಿಡದ ನೆತ್ತಿಯಲ್ಲಿ ಕೆಂಪು ಹಣ್ಣುಗಳ ಗೊಂಚಲು ಥಳಥಳ ಹೊಳೆಯುತ್ತಿತ್ತು. ತಾಕ್ ಬೆನ್ನಿನ ಚೀಲವನ್ನೂ ಇಳಿಸದೆ ಅದರ ಮುಂದೆ ಎರಡೂ ಕೈ ಚಾಚಿ ನಿಂತಿದ್ದ.

"ನನ್ನ ತೋಟದ್ದು ಇವೆಲ್ಲ. ಒಂದೊಂದೂ ನನ್ನದೇ!"

"ಏನ್ ನಿನ್ನದು?" ಗೊಪ್ದಾನ್ ಸೌಟು ಹಿಡಿದೇ ನುಗ್ಗಿ ಬಂದಳು. "ನನ್ನ ಹಿತ್ತಿಲಲ್ಲಿ ನಿನ್ನದೇನಯ್ಯಾ ಇರುತ್ತೆ? ಬೇರೆಯವರ ಮನೆಗೆ ಬಂದು ಸಿಮ್ ಕಂಡೆ, ಗಿಮ್ ಕಂಡೆ ಅಂತ ಕೂಗ್ತೀಯಲ್ಲ, ನಾಚಿಕೆ ಆಗಲ್ವಾ?"

"ನಿನ್ನ ಅಳಿಯ ಕದ್ದು ತಂದು ನೆಟ್ಟದ್ದು ಇರುತ್ತೆ. ನಾಚಿಕೆ ಯಾರಿಗಾಗ್ಬೇಕು ಅಂತ ಅವನನ್ನೇ ಕೇಳು!"

ಎಲ್ಲರ ಕಣ್ಣೂ ಸಂಗ್‌ಜೂನ ಕಡೆ ತಿರುಗಿದವು. ಪಾಪ, ಅವನ ಕೈಯಲ್ಲಿ ಅರ್ಧ ಸುಲಿದ ಮೂಲಂಗಿ. ಬರುವ ಶನಿವಾರ ಗೊಪ್ದಾನಳ ಮಗಳು ಮಿರೆಯ ಜೊತೆ ಅವನ ಮದುವೆ. ನಾವೆಲ್ಲ ಅಲ್ಲಿ ಸೇರಿದ್ದೇ ಮದುವೆಯ ಕಿಮ್ಚಿಗೆ ಬೆಳ್ಳುಳ್ಳಿ, ಮೂಲಂಗಿ ಹೆಚ್ಚುವುದಕ್ಕೆ. ಹುಡುಗ ಅನಾಥ. ಮೀಸೆ ಮೂಡುವ ಮೊದಲಿನಿಂದಲೂ ತಾಕ್‌ನ ತೋಟದಲ್ಲಿ ದುಡಿದವನು. ಮದುವೆಯಾದ ಮೇಲೆ ಮನೆ ಅಳಿಯನಾಗಿ ಇಲ್ಲೇ ಬಂದು ನೂಡಲ್ಸ್ ಒತ್ತುವುದೆಂದು ಮಾತಾಗಿತ್ತು.

"ಯಜಮಾನ್ರೇ, ನಾನು ನೆಟ್ಟಿಲ್ಲ," ಎಂದ ಸಂಗ್‌ಜೂ. ಅಷ್ಟೇ ಎಂದ. ಜಗಳ ಆಡಲು ಬಾರದ ಹುಡುಗ.

ನಾಮ್‌ಗುಂಗ್ ಬಾಯಿ ಒರೆಸಿಕೊಂಡು ಎದ್ದ. "ತಾಕ್ ಅಣ್ಣ, ದೂರು ಕೊಡ್ತೀರಾ?"

"ಈಗಲೇ ಕೊಡ್ತೀನಿ."

"ಕೊಟ್ಟರೆ ನಾನು ಹುಡುಗನ್ನ ಪೇಟೆ ಠಾಣೆಗೆ ಕರ್ಕೊಂಡು ಹೋಗಲೇಬೇಕಾಗುತ್ತೆ. ಅಲ್ಲಿಗೆ ಹೋದ್ಮೇಲೆ ಶನಿವಾರದೊಳಗೆ ಬಿಡ್ತಾರೆ ಅಂತ ನಾನು ಹೇಳಲಾರೆ," ಎಂದು ನಾಮ್‌ಗುಂಗ್ ತಲೆ ಕೆರೆದುಕೊಂಡ. ಆಮೇಲೆ ಬಟ್ಟಲ ಕಡೆ ಆಸೆಯಿಂದ ನೋಡಿ, "ಇದೊಂದು ಮುಗಿಸ್ಕೊಂಡು ಹೊರಡ್ತೀವಿ," ಎಂದ.

ಮಿರೆ ನನ್ನ ತೋಳು ಹಿಡಿದುಕೊಂಡಳು. ನನ್ನ ಅಂಗಡಿಯಲ್ಲಿ ತಲೆ ತೊಳೆಯುವ ಹುಡುಗಿ ಅವಳು. ಎಂಥ ಹಠಮಾರಿ ಗಿರಾಕಿಯನ್ನೂ ನಗಿಸುವವಳು. ಈಗ ಅವಳ ಬೆರಳು ಐಸಿನ ಹಾಗಿದ್ದವು.

"ಚಿಕ್ಕಮ್ಮಾ, ಏನಾದ್ರೂ ಮಾಡಿ. ಅವನು ಕದಿಯೋನಲ್ಲ."

"ಮಾಡೋಣ ಇರು," ಎಂದೆ. ಆಮೇಲೆ ಗಟ್ಟಿಯಾಗಿ, "ಗೊಪ್ದಾನ್! ಸಾಹೇಬ್ರಿಗೆ ಇನ್ನೊಂದು ಬಟ್ಟಲು ಹಾಕೇ. ದೊಡ್ಡ ಬಟ್ಟಲು!"

ನಾಮ್‌ಗುಂಗ್ ಬೇಡ ಎನ್ನಲಿಲ್ಲ. ಅವನು ಬೇಡ ಎಂದದ್ದನ್ನು ನಾನು ಕಂಡೂ ಇಲ್ಲ.

ಬಟ್ಟಲು ಬರಿದಾಗುವುದರೊಳಗೆ ಮುಗಿಸಬೇಕಾದ ಪತ್ತೇದಾರಿಕೆ ನನ್ನ ಬಾಳಿನಲ್ಲೇ ಇದು ಮೊದಲು. ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಗಿಡಗಳ ಮುಂದೆ ಕೂತೆ. ಮೊದಲು ಇವು ಯಾವ ಗಿಡ ಎಂದು ಗೊತ್ತಾಗಬೇಕು. ಆಮೇಲೆ ತಾನೇ ಯಾರು ನೆಟ್ಟದ್ದು ಎಂಬ ಮಾತು!

ಎಲ್ಲವಕ್ಕೂ ಐದೈದು ಎಲೆ ನಿಜ. ಜಿನ್ಸೆಂಗ್‌ಗೂ ಐದೆಲೆಯೇ. ಆದರೆ ನಾನು ಒಂದು ಗಿಡವನ್ನು ಬುಡದಿಂದ ತುದಿಯವರೆಗೆ ಬೆರಳಲ್ಲಿ ಸವರಿ ನೋಡಿದೆ. ಎಲೆ ತೊಟ್ಟುಗಳು ಮೆಟ್ಟಿಲಿನ ಹಾಗೆ ಒಂದು ಇಲ್ಲಿ, ಒಂದು ಅಲ್ಲಿ, ಬೇರೆ ಬೇರೆ ಎತ್ತರದಲ್ಲಿ ಹೊರಟಿದ್ದವು. ಪಕ್ಕದ್ದೂ ಹಾಗೆಯೇ. ಅದರ ಪಕ್ಕದ್ದೂ. ಕೆಂಪು ಹಣ್ಣಿನ ಗಿಡ ಮಾತ್ರ ಬೇರೆ. ಅದರ ಕಾಂಡ ನೆತ್ತಿಯವರೆಗೆ ಬೋಳು. ನೆತ್ತಿಯ ಒಂದೇ ಜಾಗದಿಂದ ಎಲ್ಲ ತೊಟ್ಟುಗಳೂ ಕೊಡೆಯ ಕಡ್ಡಿಗಳಂತೆ ಸುತ್ತ ಹರಡಿದ್ದವು. ಅವುಗಳ ನಡುವಿನಿಂದ ಇನ್ನೊಂದು ಕಡ್ಡಿ ಎದ್ದು ಹಣ್ಣು ಹೊತ್ತಿತ್ತು.

"ಗೊಪ್ದಾನ್, ಇವು ಯಾವಾಗಿಂದ ಇವೆಯೇ?"

"ಹಿಮ ಕರಗಿದಾಗಿಂದ. ಯಾವ ಗಿಡ ಅಂತ ಯಾರಿಗ್ಗೊತ್ತು? ಮೊದ್ಲು ಕಳೆ ಅಂದ್ಕೊಂಡೆ. ಆಮೇಲೆ ಒಂದು ಚಿಗುರು ಬಾಯಿಗೆ ಹಾಕ್ಕೊಂಡೆ. ಪರವಾಗಿಲ್ಲ, ಚೆನ್ನಾಗೇ ಇತ್ತು. ಅದಕ್ಕೇ..."

"ಅದಕ್ಕೇ?"

ಗೊಪ್ದಾನ್ ಸೌಟನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಬೇಯಿಸಿ, ಎಳ್ಳೆಣ್ಣೆ ಕಲಸಿ, ನೂಡಲ್ಸ್ ಮೇಲೆ ಹಾಕ್ದೆ. ವಸಂತ ಪೂರ್ತಿ."

ನಾಮ್‌ಗುಂಗ್‌ನ ದವಡೆ ನಿಂತುಬಿಟ್ಟಿತು. "ಯಾವ ಗಿಡ ಅಂತ ಗೊತ್ತಿಲ್ದೇನೇ ನಮಗೆ ತಿನ್ನಿಸಿದ್ರಾ ಅಕ್ಕಾ?"

"ನಿಮಗೆ ಬರೀ ತಿನ್ನಿಸ್ಲಿಲ್ಲ ಸಾಹೇಬ್ರೇ. ನೀವೇ ಕೇಳಿ ಕೇಳಿ ಹಾಕಿಸ್ಕೊಂಡ್ರಿ."

ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ತಾಕ್ ಒಬ್ಬನೇ ನಗಲಿಲ್ಲ. "ಅಯ್ಯೋ, ನನ್ನ ಜಿನ್ಸೆಂಗ್ ಎಲೇನ ಇಡೀ ಊರಿಗೆ ಪಲ್ಯ ಮಾಡಿ ಹಂಚಿದ್ದಾಳೆ!" ಎಂದು ಎದೆ ಬಡಿದುಕೊಂಡ.

ನಾನು ಒಂದು ಎಲೆ ಕಿತ್ತು ಅಗಿದೆ. ಕಹಿ, ಅದರ ಬೆನ್ನಿಗೇ ಮೂಗಿಗೇರುವ ಒಂದು ಘಮ. ಚಿಕ್ಕಂದಿನಿಂದ ಪ್ರತಿ ಏಪ್ರಿಲ್‌ನಲ್ಲೂ ಅಮ್ಮ ಬೇಯಿಸಿ ಹಾಕಿದ ರುಚಿ. ಬೇಲಿಯಾಚೆ ತಲೆ ಎತ್ತಿ ನೋಡಿದೆ. ಪಕ್ಕದ ಮನೆಯ ಮೂಲೆಯಲ್ಲಿ ಆಳೆತ್ತರದ ಒಗಾಪಿ ಪೊದೆ ನಿಂತಿತ್ತು. ಶರತ್ಕಾಲದಲ್ಲಿ ಅದರ ಕಪ್ಪು ಹಣ್ಣಿಗೆ ಹಕ್ಕಿಗಳು ಮುಗಿಬೀಳುತ್ತವೆ. ತಿಂದ ಹಕ್ಕಿ ಬೇಲಿ ದಾಟಿ ಜಾಡಿಗಳ ಮೇಲೆ ಕೂತರೆ ಆಮೇಲೆ ಆಗುವುದು ಇದೇ.

"ಇವೆಲ್ಲ ಒಗಾಪಿ," ಎಂದೆ. "ದೊಡ್ಡ ಪೊದೆ ಎಲ್ಲರಿಗೂ ಗೊತ್ತು. ಸಸಿ ನೋಡಿದವರು ಕಡಿಮೆ. ಬಿತ್ತಿದ್ದು ಹಕ್ಕಿ. ಅದನ್ನ ಜೈಲಿಗೆ ಹಾಕೋದಾದ್ರೆ ಸಾಹೇಬ್ರು ಮರ ಹತ್ಬೇಕು."

ಎಲೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಅಗಿದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಮಿರೆಯ ಮುಖ ಅರಳಿತು.

"ಹಾಗಾದ್ರೆ ಆ ಕೆಂಪು ಹಣ್ಣಿಂದೂ ಹಕ್ಕಿ ಹಾಕಿದ್ದೇ ಇರ್ಬೇಕಲ್ವಾ ಚಿಕ್ಕಮ್ಮಾ?"

"ಅದು ಮಾತ್ರ ಆಗಲ್ಲ ಮಗಳೇ," ಎಂದು ತಾಕ್ ಮೀಸೆ ತಿರುವಿದ. "ನಾಲ್ಕು ತೋಳು ಚಾಚಿರೋ ಸಿಮ್ ಅದು. ಇಷ್ಟಾಗೋಕೆ ವರ್ಷಗಟ್ಟಲೆ ಬೇಕು. ಹಕ್ಕಿ ಹಾಕಿದ್ದಾದ್ರೆ ನಿಮ್ಮಮ್ಮ ಇಷ್ಟು ವರ್ಷ ಕಣ್ಣು ಮುಚ್ಕೊಂಡು ಸೋಯಾ ತೆಗೀತಿದ್ಲಾ? ಒಂದು ಕದ್ದರೂ ಕಳ್ಳ ಕಳ್ಳನೇ."

ಮೀಸೆ ತಿರುವಿದರೂ ಅವನು ಹೇಳಿದ್ದು ಸರಿಯಾಗಿತ್ತು. ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯಿತು. ಅದು ಜಿನ್ಸೆಂಗೇ. ಹಳೆಯದೇ. ಹೊರಗಿನಿಂದ ಯಾರೋ ತಂದು ನೆಟ್ಟದ್ದೇ. ಮಿರೆಯ ಮುಖ ಮತ್ತೆ ಬಾಡಿತು. ನಾಮ್‌ಗುಂಗ್‌ನ ಬಟ್ಟಲಿನಲ್ಲಿ ಚಾಪ್‌ಸ್ಟಿಕ್ ತಳಕ್ಕೆ ತಾಗುವ ಸದ್ದು ಕೇಳಿಸತೊಡಗಿತು.

"ತಾಕ್ ಅಣ್ಣ," ಎಂದೆ. "ನೀವು ನೂಡಲ್ಸ್ ತಿನ್ನೋಕೆ ಬಂದವರು. ಜಾಡಿಗಳ ಹಿಂದೆ ಯಾಕೆ ಹೋಗಿ ನೋಡಿದ್ರಿ?"

"ಕನಸು ಬಿತ್ತು." ಅವನ ದನಿ ಪೂಜೆಗೆ ಕೂತವನ ಹಾಗೆ ತಗ್ಗಿತು. "ಬೆಟ್ಟದ ಅಜ್ಜ, ನಮ್ಮ ಬೆಟ್ಟದ ದೇವರೇ ಬಂದಿದ್ದ. ಮಂಡಿವರೆಗೆ ಬಿಳಿ ಗಡ್ಡ, ಪಕ್ಕದಲ್ಲಿ ಹುಲಿ. ಗೊಪ್ದಾನಳ ಜಾಡಿಗಳ ಹಿಂದೆ ಹುಡುಕು ಅಂದ."

"ಹುಲಿ ಏನಂತು?" ಎಂದು ಹೆಂಗಸರ ಗುಂಪಿನಿಂದ ಯಾರೋ ಕೇಳಿದರು.

ನಾನು ನಗಲಿಲ್ಲ. "ಅಂಥ ಕನಸು ಬೀಳ್ಬೇಕಾದ್ರೆ ಮಡಿಯಲ್ಲಿರಬೇಕು ಅಲ್ವಾ? ಮಾಂಸ ಮುಟ್ಟೋ ಹಾಗಿಲ್ಲ."

"ಮುಟ್ಟಿಲ್ಲ! ಈ ತಿಂಗಳಿಡೀ ಬರೀ ಅನ್ನ, ಉಪ್ಪು, ಸೊಪ್ಪು."

"ಸ್ವಲ್ಪ ಬಗ್ಗಿ. ತಲೇಲಿ ಏನೋ ಎಲೆ ಸಿಕ್ಕೊಂಡಿದೆ."

ಬಗ್ಗಿದ. ನಾನು ಅವನ ನೆತ್ತಿಗೆ ಮೂಗು ಹಿಡಿದು ಒಂದು ದೀರ್ಘ ಉಸಿರು ಎಳೆದೆ. ಜೀವನವಿಡೀ ಊರವರ ತಲೆ ತೊಳೆದು ಬದುಕಿದವಳು ನಾನು. ಯಾರು ಯಾರ ಮನೆಯಲ್ಲಿ ಏನು ತಿಂದರು ಎಂದು ಹೇಳಲು ನನಗೆ ಬಟ್ಟಲು ತೋರಿಸಬೇಕಾಗಿಲ್ಲ.

"ಹಂದಿಯ ಹೊಟ್ಟೆ ಮಾಂಸ. ಕೆಂಡದ ಮೇಲೆ ಸುಟ್ಟದ್ದು," ಎಂದೆ. "ನಿನ್ನೆ ಸಂಜೆಯದು. ಬೆಳ್ಳುಳ್ಳೀನೂ ಜೊತೆಗೇ ಸುಟ್ಟಿದ್ದೀರಿ."

ಹಿತ್ತಿಲು ನಗೆಯಲ್ಲಿ ಮುಳುಗಿತು. ತಾಕ್‌ನ ಕಿವಿ ಕೆಂಪಾದವು. "ಹೋಟೆಲಲ್ಲಿ ಪಕ್ಕದ ಮೇಜಿನವರು ಸುಡ್ತಿದ್ರು! ಹೊಗೆ ನನಗೆ ತಾಗಿತು ಅಷ್ಟೆ!"

"ಇರ್ಬಹುದು, ಇರ್ಬಹುದು," ಎಂದೆ. ಬಾಯಲ್ಲಿ ಹಾಗೆಂದರೂ ನನ್ನ ಕಣ್ಣು ಆ ಕೆಂಪು ಗೊಂಚಲಿನಿಂದ ಕದಲಲಿಲ್ಲ. ಅದರಲ್ಲಿ ಏನೋ ಸರಿಯಿಲ್ಲ ಎಂದು ಮನಸ್ಸು ಚುಚ್ಚುತ್ತಲೇ ಇತ್ತು. ಹಣ್ಣು ತುಂಬಿತ್ತು. ಒಂದೂ ಉದುರಿರಲಿಲ್ಲ, ಒಂದನ್ನೂ ಯಾರೂ ಮುಟ್ಟಿರಲಿಲ್ಲ.

ಆಗ ಗೋಡೆ ಪಕ್ಕದ ಬುಟ್ಟಿಯೊಳಗಿನಿಂದ ಕೊಕ್ಕೊಕ್ಕೋ ಎಂಬ ಕೂಗು ಬಂತು.

ಗೊಪ್ದಾನಳ ಕೋಳಿ! ಮೊಟ್ಟೆಯಿಡುವ ಈ ಹೇಂಟೆಯನ್ನು ಹೊಸ ಅಳಿಯನ ಮೊದಲ ಊಟಕ್ಕೆಂದು ಅವಳು ಮಗುವಿನ ಹಾಗೆ ಸಾಕಿದ್ದಳು. ಮುದ್ದು ಹೆಚ್ಚಾಗಿ ಅದು ಹಿತ್ತಿಲಿಗೇ ದೊರೆಸಾನಿಯಾಗಿತ್ತು. ಕೆಂಪು ಬಣ್ಣ ಕಂಡರಂತೂ ಅದಕ್ಕೆ ಹುಚ್ಚು. ಒಣಹಾಕಿದ ಮೆಣಸಿನಕಾಯಿ, ಟೊಮೆಟೊ ಯಾವುದನ್ನೂ ಬಿಟ್ಟಿರಲಿಲ್ಲ. ಬಣ್ಣ ಹಚ್ಚಿದ ಮಿರೆಯ ಕಾಲುಗುರನ್ನೂ ಕುಟುಕಿತ್ತು. ಇವತ್ತು ಬೆಳಗಿನಿಂದಲೂ ಜಾಡಿಗಳ ಸುತ್ತಲೇ ಅಡ್ಡಾಡುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೆ.

ಬೆಳಗಿನಿಂದ ಆ ಕೋಳಿ ಓಡಾಡಿದ ಜಾಗದಲ್ಲಿ ಕೆಂಪು ಹಣ್ಣು ಒಂದೂ ಕೆಡದೆ ಉಳಿಯುವುದು ಎಂದರೇನು!

ನನ್ನ ಎದೆ ಖುಷಿಯಲ್ಲಿ ಹಾರಿತು. ಸುಳ್ಳು ಯಾಕೆ, ಇಂಥ ಗಳಿಗೆಗಾಗಿಯೇ ನಾನು ಅಂಗಡಿ ಬಾಗಿಲು ಹಾಕಿ ಊರೂರು ತಿರುಗುವುದು.

"ತಾಕ್ ಅಣ್ಣ, ಬಂದ ಕೂಡಲೇ ನೀವು ಕೋಳಿ ಹಿಡಿದು ಬುಟ್ಟಿ ಕವುಚಿ ಹಾಕಿದ್ರಲ್ಲ. ಯಾಕೆ?"

"ಕಾಲಿಗೆ ಅಡ್ಡಡ್ಡ ಬರ್ತಿತ್ತು."

"ಸಂಗ್‌ಜೂ ಈ ಗಿಡ ಯಾವಾಗ ನೆಟ್ಟಿರಬಹುದು?"

"ಯಾರಿಗ್ಗೊತ್ತು? ಹೋದ ವಾರ ಇರ್ಬಹುದು, ಅದರ ಹಿಂದಿನ ವಾರ ಇರ್ಬಹುದು."

"ಹಾಗಾದ್ರೆ ಈ ಗಿಡಕ್ಕೂ ಕೋಳಿಗೂ ಒಳ್ಳೆ ಸ್ನೇಹ ಇರ್ಬೇಕು. ನೋಡೇಬಿಡೋಣ," ಎಂದು ನಾನು ಬುಟ್ಟಿಯ ಕಡೆ ನಡೆದೆ.

"ಬೇಡ ಕಣೇ ಒಕ್ಬುನ್!" ಗೊಪ್ದಾನ್ ಕೂಗಿದಳು. "ಅದನ್ನ ಬಿಡ್ಬೇಡ! ಎಲ್ಲಾ ಕೆದಕಿ ಹಾಳು ಮಾಡುತ್ತೆ!"

"ನಿನ್ನ ಅಳಿಯನ್ನ ಉಳಿಸೋಕೆ ಕಣೇ ಮಾರಾಯ್ತಿ! ನಾಲ್ಕು ಒಗಾಪಿ ಸಸಿ ಹೋದ್ರೆ ಹೋಗ್ಲಿ."

ಬುಟ್ಟಿ ಎತ್ತಿದೆ. ಹೇಂಟೆ ಒಂದು ಸಲ ರೆಕ್ಕೆ ಒದರಿತು, ಕತ್ತು ಓರೆ ಮಾಡಿತು, ಕೆಂಪು ಕಂಡಿತು. ಆಮೇಲೆ ಅದು ಓಡಿದ ಓಟ ನೋಡಬೇಕಿತ್ತು! ನಾಮ್‌ಗುಂಗ್‌ನ ಕಾಲ ಸಂದಿಯಲ್ಲಿ ನುಸುಳಿ, ಜಾಡಿಯೊಂದನ್ನು ಹಾರಿ ದಾಟಿ, ನೇರ ಗೊಂಚಲಿನ ಮೇಲೆ ಎರಗಿತು.

"ಏಯ್! ಏಯ್! ಹಾಳಾದ್ದೇ!" ತಾಕ್ ಗಿಡದ ಮೇಲೆ ಬೋರಲು ಬಿದ್ದ. ಒಂದು ಕೈಯಲ್ಲಿ ಕೋಳಿಯನ್ನು ದೂಡಿ, ಇನ್ನೊಂದರಲ್ಲಿ ಗಿಡವನ್ನು ತಬ್ಬಿಕೊಂಡು ಎದ್ದ.

ಗಿಡವೂ ಅವನ ಜೊತೆಗೇ ಎದ್ದು ಬಂತು. ನೆಲ ಒಂದಿಷ್ಟೂ ಹಿಡಿದುಕೊಳ್ಳಲಿಲ್ಲ. ಬೇರಿನ ಸುತ್ತ ಬೆಟ್ಟದ ಪಾಚಿ ಇನ್ನೂ ಹಸಿಹಸಿಯಾಗಿ ಸುತ್ತಿಕೊಂಡಿತ್ತು.

ಹೆಂಗಸರೆಲ್ಲ ಬೆಳ್ಳುಳ್ಳಿ ಬಿಟ್ಟು ಹತ್ತಿರ ಬಂದರು.

"ನಾವೆಲ್ಲ ತಲೆ ಬಗ್ಗಿಸಿ ಕೂತಿದ್ದಾಗ," ಎಂದೆ ನಿಧಾನವಾಗಿ, "ನೀವು ಬೆನ್ನಿನ ಚೀಲದಿಂದ ಇದನ್ನ ತೆಗೆದು ಮಣ್ಣಿಗೆ ಸಿಗಿಸಿದ್ರಿ. ಸಿಮ್ ಕಂಡು ಕೂಗಿದ್ದಲ್ಲ ಅಣ್ಣ. ನಾವು ಯಾರೂ ನೋಡಬಾರದು ಅಂತ ಕೂಗಿದ್ದು."

"ಥೂ!" ಎಂದಳು ಯಾರೋ ಅಜ್ಜಿ. "ಬೆಟ್ಟದ ಕೂಗನ್ನ ಮೋಸಕ್ಕೆ ಬಳಸಿದ್ಯೇನೋ ದೂಇಲ್? ನನ್ನ ಮಂಡಿ ಮುರಿದು ಕೂತಿದ್ನಲ್ಲೋ ನಾನು!"

ತಾಕ್ ಗಿಡ ಹಿಡಿದುಕೊಂಡು ಜಾಡಿಗಳ ಕಟ್ಟೆಯ ಮೇಲೆ ಕುಸಿದು ಕೂತ. ದೊಡ್ಡ ಗಂಡಸು ನೋಡನೋಡುತ್ತ ಸಣ್ಣವನಾದ.

"ಹೌದು. ನಾನೇ ನೆಟ್ಟೆ. ಏನೀಗ?" ಎಂದ. "ಬೇರು ಕಳುವಾಗ್ತಿರೋದು ಸುಳ್ಳಲ್ಲ. ತೋಟದ ದಾರಿ ಗೊತ್ತಿರೋದು ನನಗೆ, ಇವನಿಗೆ. ಇವನಲ್ದೆ ಇನ್ಯಾರು? ಸಾಕ್ಷಿ ಇರ್ಲಿಲ್ಲ, ಅದಕ್ಕೇ ನಾನೇ ಸಾಕ್ಷಿ ಮಾಡ್ದೆ. ಮಗನ ಹಾಗೆ ಸಾಕಿದೆ. ಈಗ ನೂಡಲ್ಸ್ ಒತ್ತೋಕೆ ಹೊರಟಿದ್ದಾನೆ! ಬೆಟ್ಟ ಹತ್ತೋಕೆ ನನ್ನ ಕಾಲಲ್ಲಿ ಶಕ್ತಿ ಎಲ್ಲಿದೆ?"

ಸಂಗ್‌ಜೂ ಮೂಲಂಗಿ ಕೆಳಗಿಟ್ಟು ಅವನ ಪಕ್ಕ ಹೋಗಿ ಕೂತ.

"ಯಜಮಾನ್ರೇ, ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ. ಅಂಗಡಿ ತೆಗೆಯೋದು ಮಧ್ಯಾಹ್ನ. ಬೆಳಿಗ್ಗೆ ನಿಮ್ಮ ಜೊತೆ ಬೆಟ್ಟಕ್ಕೆ ಬರ್ತೀನಿ ಅಂತ ಅತ್ತೆ ಹತ್ರ ಮೊದಲೇ ಹೇಳಿದ್ದೆ."

ತಾಕ್ ಅವನನ್ನು ನೋಡಿದ. ಆಮೇಲೆ ಅಷ್ಟು ಜನರ ಮುಂದೆ ಮೂಗು ಸೊರಗುಟ್ಟುತ್ತ ಅಳತೊಡಗಿದ. ನನ್ನ ಕಣ್ಣೂ ಒದ್ದೆಯಾಯಿತು. ಬೆಳ್ಳುಳ್ಳಿ ಘಾಟು ಎಂದು ಮಿರೆಗೆ ಹೇಳಿದೆ.

ನಾಮ್‌ಗುಂಗ್ ಬಟ್ಟಲು ಕೆಳಗಿಟ್ಟು ಹೊಟ್ಟೆ ಸವರಿಕೊಂಡ. "ಅಲ್ಲಿಗೆ ದೂರು ಇಲ್ಲ ತಾನೇ?"

"ಇಲ್ಲ," ಎಂದ ತಾಕ್, ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತ. "ಹುಡುಗ ಒಳ್ಳೆಯವನು. ನನ್ನ ಬುದ್ಧಿಗೇ ಮಂಕು ಬಡಿದಿತ್ತು."

"ಗೊಪ್ದಾನ್! ಅಕ್ಕಿ ಹೆಂಡ ತಗೊಂಡು ಬಾರೇ!" ಎಂದು ನಾನು ಕೂಗಿದೆ. ಹೆಂಗಸರು ಚಪ್ಪಾಳೆ ತಟ್ಟಿದರು. ಒಬ್ಬಳು ಆಗಲೇ ಹಾಡು ಶುರು ಮಾಡಿದಳು. ಗೆದ್ದ ಗರ್ವದಲ್ಲಿ ನಾನು ಕೋಳಿಯನ್ನು ಮರೆತೇಬಿಟ್ಟಿದ್ದೆ.

ಕೋಳಿ ನಮ್ಮನ್ನು ಮರೆತಿರಲಿಲ್ಲ. ಹಣ್ಣು ತಪ್ಪಿಹೋದ ಸಿಟ್ಟನ್ನು ಅದು ಒಗಾಪಿ ಸಸಿಗಳ ಬುಡದ ಮೇಲೆ ತೀರಿಸಿಕೊಳ್ಳುತ್ತಿತ್ತು. ಕಾಲಲ್ಲಿ ಪರಪರ ಕೆದಕಿ ಮಣ್ಣು ಹಿಂದಕ್ಕೆ ಎರಚುತ್ತಿತ್ತು. ಹೆಂಡದ ಕೊಡ ಹಿಡಿದು ಬಂದ ಗೊಪ್ದಾನ್ ಅದನ್ನು ಕಂಡವಳೇ "ಹುಶ್! ಹುಶ್! ಹೋಗಾಚೆ!" ಎಂದು ಕಿರುಚಿದಳು. ಅಷ್ಟು ಹೊತ್ತಿಗೆ ಮಣ್ಣಿನಿಂದ ಏನೋ ಬಟ್ಟೆಯ ತುದಿ ಹೊರಗೆ ಇಣುಕಿತ್ತು.

ಹತ್ತಿರವಿದ್ದವನು ಸಂಗ್‌ಜೂ. ಬಗ್ಗಿ ಎಳೆದ. ಕೈಗೊಂದು ಗಂಟು ಬಂತು. ಅದರ ಬಾಯಿ ಸಡಿಲಿಸಿದ.

ಒಳಗೆ ಪಾಚಿಯ ಹಾಸಿಗೆ. ಅದರ ಮೇಲೆ ಮಲಗಿಸಿದ ಜಿನ್ಸೆಂಗ್ ಬೇರುಗಳು, ಒಂದಕ್ಕಿಂತ ಒಂದು ದಪ್ಪ. ಒಂದೊಂದರ ಕತ್ತಿಗೂ ಕೆಂಪು ದಾರ.

ಹಾಡು ಅರ್ಧಕ್ಕೆ ನಿಂತಿತು.

"ಇದು... ಇದು ನನ್ನ ದಾರ," ಎಂದು ತಾಕ್ ತೊದಲಿದ. "ನನ್ನ ಬೇರು. ಕಳುವಾದದ್ದು ಇವೇ. ಬೆಟ್ಟದ ಅಜ್ಜನ ಆಣೆ, ಇದನ್ನ ನಾನು ಇಟ್ಟಿಲ್ಲ! ಒಕ್ಬುನ್, ಇದನ್ನ ನಾನಿಟ್ಟಿಲ್ಲ!"

ಅವನು ಸುಳ್ಳು ಹೇಳುತ್ತಿರಲಿಲ್ಲ. ಬೇರುಗಳ ಸಂದಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಹುಗಿದು ಬಹಳ ದಿನವಾಗಿರಬೇಕು.

ಸಂಗ್‌ಜೂ ಬೇರುಗಳನ್ನು ನೋಡಲೇ ಇಲ್ಲ. ಅವನು ನೋಡಿದ್ದು ಬಟ್ಟೆಯನ್ನು. ಒಮ್ಮೆ ತಲೆಯೆತ್ತಿ ಮಿರೆಯ ಕಡೆ ನೋಡಿದ. ಬೇರುಗಳನ್ನು ನೆಲಕ್ಕೆ ಸುರಿದು, ಬಟ್ಟೆಯನ್ನು ಮುದುಡಿ ಅಂಗಿಯೊಳಗೆ ತುರುಕಿಕೊಳ್ಳುತ್ತಲೇ,

"ನಾನೇ ಕದ್ದದ್ದು," ಎಂದ. "ಸಾಹೇಬ್ರೇ, ನಡೀರಿ ಠಾಣೆಗೆ."

"ಏನೋ ಬೊಗಳ್ತಿದ್ದೀಯಾ!" ನಾನು ಹೋಗಿ ಬಟ್ಟೆಯನ್ನು ಎಳೆದುಕೊಂಡೆ. ಮಣ್ಣು ಕೊಡವಿ ಬಿಡಿಸಿದೆ.

ಗುಲಾಬಿ ಬಣ್ಣದ ಟವೆಲ್. ಮೂಲೆಯಲ್ಲಿ ನಾನೇ ಹೊಲಿಸಿದ ಅಕ್ಷರ: ಒಕ್ಬುನ್ ಕೇಶಾಲಯ.

ಕೂದಲಿಗೆ ಸುರುಳಿ ಕಟ್ಟಿಸಿಕೊಂಡು, ಅದರ ಮೇಲೆ ನನ್ನ ಟವೆಲ್ ಸುತ್ತಿ, ಮನೆಗೆ ಹೋಗಿ ಅನ್ನಕ್ಕಿಟ್ಟು ಬರುವ ಹೆಂಗಸರು ನಮ್ಮೂರಲ್ಲಿ ಬೇಕಾದಷ್ಟು ಜನ. ಎಷ್ಟು ಟವೆಲ್ ಹಾಗೆ ಹೋದವೋ ದೇವರೇ ಬಲ್ಲ. ಆದರೆ ಅದು ಸಂಗ್‌ಜೂಗೆ ಗೊತ್ತಿಲ್ಲ. ಅವನು ದಿನಾ ಸಂಜೆ ನೋಡುವುದು ಅಂಗಡಿ ಮುಂದಿನ ಹಗ್ಗಕ್ಕೆ ಗುಲಾಬಿ ಟವೆಲ್‌ಗಳನ್ನು ಹರವುವ ಒಬ್ಬಳೇ ಒಬ್ಬಳನ್ನು.

ಅವಳು ಈಗ ಗುಂಪನ್ನು ಸೀಳಿಕೊಂಡು ಮುಂದೆ ಬಂದಳು.

"ಅವನಲ್ಲ, ನಾನು!" ಎಂದಳು ಮಿರೆ. "ಮದುವೆ ಖರ್ಚಿಗೆ ಅಂತ ನಾನೇ ಕದ್ದೆ. ಅವನಿಗೇನೂ ಗೊತ್ತಿಲ್ಲ."

"ಮಿರೆ, ನೀನು ಸುಮ್ನಿರು!"

"ನೀನು ಸುಮ್ನಿರು! ಬೇಲಿ ಹಾರೋಕೇ ಬರಲ್ಲ ನಿನಗೆ, ಕದೀತಾನಂತೆ!"

ಇಬ್ಬರೂ ನಾಮ್‌ಗುಂಗ್‌ನ ಮೂಗಿನ ಕೆಳಗೆ ಕೈ ಚಾಚಿ ನಿಂತರು. ಅವನು ಸೊಂಟದ ಬೇಡಿಯನ್ನು ಮುಟ್ಟಿ ನೋಡಿಕೊಂಡು, "ಇರೋದು ಒಂದೇ ಜೊತೆ," ಎಂದು ಕಂಗಾಲಾಗಿ ನನ್ನ ಮುಖ ನೋಡಿದ.

ನನಗೆ ನಗು ತಡೆಯಲಾಗಲಿಲ್ಲ. ಇವನು ಅವಳನ್ನು ನೋಡಿ ಒಪ್ಪಿಕೊಂಡ, ಅವಳು ಇವನನ್ನು ನೋಡಿ ಒಪ್ಪಿಕೊಂಡಳು. ಇಬ್ಬರಿಗೂ ಸುಳ್ಳು ಹೇಳಲು ಬರುವುದಿಲ್ಲ. ಇಂಥ ಜೋಡಿ ಹುಡುಕಿದರೂ ಸಿಗದು. ಅದನ್ನೇ ಹೇಳಿ, ಒಂದು ಬೈಗುಳ ಬೈದು, ಎರಡೂ ತಲೆಗಳನ್ನು ಹಿಡಿದು ಕುಟ್ಟಿಬಿಡೋಣ ಎಂದು ನಾನು ಗೊಪ್ದಾನಳ ಕಡೆ ತಿರುಗಿದೆ.

ಒಂದು ಬಟ್ಟಲು ಒಡೆದರೆ ಬೀದಿಗೆಲ್ಲ ಕೇಳುವಂತೆ ಅರಚುವ ಹೆಂಗಸು ಅವಳು. ಮಗಳೂ ಅಳಿಯನೂ ಬೇಡಿಗೆ ಕೈ ಒಡ್ಡಿ ನಿಂತಿದ್ದರೂ ಅವಳ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಬಗ್ಗಿಸಿ ಹಿಡಿದ ಕೊಡದಿಂದ ಹೆಂಡ ಬಟ್ಟಲು ತುಂಬಿ, ಮಣೆ ತುಂಬಿ, ಅವಳ ರಬ್ಬರ್ ಚಪ್ಪಲಿಯ ಮೇಲೆ ಸುರಿಯುತ್ತಿತ್ತು. ಅದೂ ಅವಳಿಗೆ ತಿಳಿದಂತಿರಲಿಲ್ಲ.

"ಗೊಪ್ದಾನ್?" ಎಂದೆ.

ಅವಳು ಕೊಡ ಇಳಿಸಿದಳು. ನಡೆದು ಬಂದು ನನ್ನ ಕೈಯಿಂದ ಟವೆಲ್ ತೆಗೆದುಕೊಂಡಳು. ಮಣ್ಣಾದ ಮಗ್ಗುಲು ಒಳಗಾಗುವಂತೆ ಅಂಚಿಗೆ ಅಂಚು ಸೇರಿಸಿ ಮಡಿಸಿದಳು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ವರ್ಷ ಗಂಡಂದಿರನ್ನು ಕಳೆದುಕೊಂಡವರು. ಅವಳು ನನ್ನ ಕಣ್ಣು ತಪ್ಪಿಸಿದ್ದು ಇದೇ ಮೊದಲು.

ನನ್ನ ಕಿವಿಯ ಹತ್ತಿರ ಬಾಗಿ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಅಂದಳು:

"ಒಗೆದು ವಾಪಸ್ ಕೊಡ್ಬೇಕು ಅಂತಾನೇ ಇದ್ದೆ ಕಣೇ ಒಕ್ಬುನ್."